ಮಸ್ಟಾಂಗಿಗೆ ತೆಂಗಿನೆಣ್ಣೆ

ತೆಂಗಿನೆಣ್ಣೆಯಿಂದ ಆಗದ ಕೆಲಸ ಈ ಭೂಮಿಯ ಮೇಲೆ ಇಲ್ಲ. ನಾನು ಉಡುಪಿಯವನು, ಈ ವಿಷಯದಲ್ಲಿ ಯಾರೊಂದಿಗೂ ಚರ್ಚೆಗೆ ಸಿದ್ಧನಿಲ್ಲ. ಆದ್ದರಿಂದ ಪಕ್ಕದ ಮನೆಯ ವಿಲ್ಲೆಮ್ ಬೇಲಿಯ ಮೇಲಿಂದ ಸ್ಪ್ರೇ ಡಬ್ಬಿ ಚಾಚಿ, "ನಿನ್ನ ಕಾರಿನ ಬಾಗಿಲು ಕಿರುಗುಟ್ಟುತ್ತಿದೆ, ಇದನ್ನು ಹೊಡೆ" ಎಂದಾಗ ನನಗೆ ಮೈಯೆಲ್ಲ ಉರಿಯಿತು. ಕೇಳಿದವರು ಯಾರು? ನೆದರ್ಲೆಂಡ್ಸಿನ ಈ ಬಾಡ್‌ಹೂವೆಡಾರ್ಪ್‌ನಲ್ಲಿ ತಲೆಯ ಮೇಲೆ ವಿಮಾನ ಹೋದರೂ ಇವರಿಗೆ ಕೇಳಿಸುವುದಿಲ್ಲ. ನನ್ನ ಬಾಗಿಲಿನ ಸದ್ದು ಮಾತ್ರ ಕೇಳಿಸುತ್ತದೆ!

ಆ ಬಾಗಿಲೇನು ಸಾಮಾನ್ಯದ್ದೇ? ನನ್ನ ಓರಗೆಯ, ಟಾಪ್ ಮಡಚುವ ಕೆಂಪು ಮಸ್ಟಾಂಗಿನದು. ನನ್ನ ಮೂರನೆಯ ಅಮೆರಿಕನ್ ಕಾರು. ಮೊದಲನೆಯದು ಎನ್ಸ್‌ಕೆಡೆಯಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಕೊಂಡ ಹಳದಿ ಕ್ಯಾಮರೋ. ಮಗಳು ಹುಟ್ಟಿದಳು, ಅವಳ ತಳ್ಳುಗಾಡಿ ಡಿಕ್ಕಿಯಲ್ಲಿ ಹಿಡಿಸಲಿಲ್ಲ, ಕ್ಯಾಮರೋ ಹೋಯಿತು. ಎರಡನೆಯದು ನೀಲಿ ಕಾರ್ವೆಟ್. ಅದಕ್ಕೆ ಇದ್ದದ್ದೇ ಎರಡು ಸೀಟು. ಅತ್ತೆ ಊರಿಂದ ಬಂದಾಗ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಜಂಬದಿಂದ ಹೊರಟೆ. ಹೆಂಡತಿ ವಾರಿಜಾ ಹಿಂದಿನಿಂದ ಬಸ್ಸಿನಲ್ಲಿ ಬಂದಳು. ಮುಂದಿನ ವಾರ ಕಾರ್ವೆಟ್ ಇರಲಿಲ್ಲ. ಆ ಸಿಟ್ಟು ನನಗೆ ಇನ್ನೂ ಆರಿಲ್ಲ. ಅತ್ತೆಯನ್ನು ಗೌರವಿಸಿದ್ದು ತಪ್ಪೇ?

ಮಸ್ಟಾಂಗಿಗೂ ಅದೇ ಗತಿ ಬರುವುದರಲ್ಲಿತ್ತು.

"ಕನ್ನಡ ಬಳಗದ ಯುಗಾದಿ ಊಟಕ್ಕೆ ನ್ಯೂವೆಗೈನ್‌ಗೆ ಇದರಲ್ಲೇ ಹೋಗುವ," ಎಂದಳು ವಾರಿಜಾ. "ಮರ್ಯಾದೆಯಲ್ಲಿ ಕರ್ಕೊಂಡು ಹೋದ್ರೆ ಗಾಡಿ ಇರ್ಲಿ. ಎಂತಾದ್ರೂ ಎಡವಟ್ಟು ಆಯ್ತಾ, ಮರುದಿವಸವೇ ಮಾರುದು. ಆಯ್ತಲ್ಲ ಮಾರಾಯ್ರೆ?"

"ನೋಡ್ತಾ ಇರು ನೀನು," ಎಂದೆ.

ಹಬ್ಬದ ಬೆಳಿಗ್ಗೆ ಎಂದಿನಂತೆ ಎಣ್ಣೆಯ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿದೆ. ತಲೆಗೆ ಎರಡು ಹನಿ, ಮಿಕ್ಕದ್ದೆಲ್ಲ ಮಸ್ಟಾಂಗಿಗೆ. ಬಾಗಿಲುಗಳ ಕೀಲು, ಲಾಕು, ಟಾಪಿನ ಒಂದೊಂದು ಸಂದಿಗೂ ಸಾಂಗೋಪಾಂಗವಾಗಿ ಅಭ್ಯಂಜನ ನೆರವೇರಿತು. ಬಾಗಿಲು ಸದ್ದಿಲ್ಲದೆ ತೆರೆಯಿತು, ಸದ್ದಿಲ್ಲದೆ ಮುಚ್ಚಿತು. ವಿಲ್ಲೆಮ್‌ಗೆ ಕಾಣಲೆಂದೇ ನಾಲ್ಕು ಸಲ ತೆರೆದು ಮುಚ್ಚಿದೆ. ಬಿಸಿಲಿತ್ತು, ಟಾಪ್ ಮಡಚಿದೆ. ವಾರಿಜಾ ರೇಷ್ಮೆ ಸೀರೆ ಉಟ್ಟು, ಪಾಯಸದ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ದಾರಿಯಲ್ಲಿ ಗಾಡಿ ಒಮ್ಮೆಯೂ ಕೆಮ್ಮಲಿಲ್ಲ. ಗಾಳಿ ಮಾತ್ರ ಕೊರೆಯುತ್ತಿತ್ತು. ವಾರಿಜಾ ಶಾಲು ಹೊದ್ದು, "ಲಾಯ್ಕುಂಟು" ಎಂದಳು. ಇಷ್ಟು ವರ್ಷಗಳಲ್ಲಿ ಮೊದಲ ಬಾರಿ! ಗೆದ್ದೆ ಎಂದುಕೊಂಡೆ.

ಸಭಾಂಗಣದ ಮುಂದೆ ನಿಲ್ಲಿಸಿ ಹಿಡಿಕೆ ಎಳೆದೆ. ಬಾಗಿಲು ತೆರೆಯಲಿಲ್ಲ. ಅವಳ ಕಡೆಯದೂ ಇಲ್ಲ. ಭುಜ ಕೊಟ್ಟೆ, ಗುದ್ದಿದೆ, ತುಳುವಿನಲ್ಲಿ ಬೈದೆ. ಆಗಲೇ ಮಳೆ ಹಿಡಿಯಿತು. ಈ ದೇಶದ ಮಳೆಗೆ ಹೊತ್ತುಗೊತ್ತಿಲ್ಲ, ಮಾನಮರ್ಯಾದೆ ಮೊದಲೇ ಇಲ್ಲ! ಟಾಪ್ ಎಳೆದೆ. ಅದು ಗೇಣುದ್ದ ಎದ್ದು ಅಲ್ಲೇ ನಿಂತಿತು.

ಕನ್ನಡ ಬಳಗವೆಲ್ಲ ಕೊಡೆ ಹಿಡಿದು ಹೊರಗೆ ಬಂತು.

"ಸರ್, ಜಂಪ್ ಮಾಡಿ ಸರ್, ಸಿಂಪಲ್!" ಎಂದ ಬೆಂಗಳೂರಿನ ಒಬ್ಬ ವಿದ್ಯಾರ್ಥಿ.

"ನೀನು ಸುಮ್ನೆ ಹೋಗು ಮಾರಾಯ!"

"ಓಕೆ ಸರ್. ವಿಡಿಯೋ ಮಾಡ್ಕೊಳ್ಲಾ?"

"ಮಾಡಿದ್ರೆ ಆ ಫೋನ್ ಕಾಲುವೆಗೆ ಬಿಸಾಡ್ತೇನೆ!"

ಮೊದಲು ಪಾಯಸವನ್ನು ಇಳಿಸಿಕೊಂಡು, ಅದಕ್ಕೆ ಕೊಡೆ ಹಿಡಿದು ಒಳಗೆ ಕರೆದೊಯ್ದರು. ಆಮೇಲೆ ಕುರ್ಚಿ ಇಟ್ಟು ವಾರಿಜಾಳನ್ನು ಇಳಿಸಿದರು. ನನ್ನ ಹೊಟ್ಟೆ ಸ್ಟೀರಿಂಗಿಗೆ ಸಿಕ್ಕಿಕೊಂಡು ನಾನು ಮಾತ್ರ ಅಲ್ಲೇ ನೆನೆಯುತ್ತ ಕೂತೆ. ಕೋಪದಿಂದ ಹಲ್ಲು ಕಡಿಯುತ್ತಿದ್ದೆ. ಎಲ್ಲ ಆ ವಿಲ್ಲೆಮ್‌ನ ಕೆಟ್ಟ ಕಣ್ಣು!

ವಾರಿಜಾ ಬಾಗಿಲಿನ ಸಂದಿಗೆ ಬೆರಳು ಹಾಕಿದಳು. ಬೆಣ್ಣೆಯಂಥ ಬಿಳಿ ಮುದ್ದೆ ಬಂತು. ಮೂಸಿದಳು.

"ಇದೆಂತ?"

"ಎಣ್ಣೆ."

"ಯಾವ ಎಣ್ಣೆ?"

ನಾನು ಮೋಡಗಳನ್ನು ನೋಡಿದೆ.

"ದಿನಾ ಬೆಳಿಗ್ಗೆ ಎಣ್ಣೆ ಬಾಟ್ಲಿಯನ್ನು ಬಿಸಿನೀರಲ್ಲಿ ಇಡುದು ಯಾರು?"

"ನಾನು."

"ಎಂತಕ್ಕೆ ಇಡುದು?"

"ಚಳಿಗೆ ಗಟ್ಟಿ ಆಗತ್ತಲ್ಲ ಆಂಟಿ, ಅದಕ್ಕೆ!" ಎಂದು ಆ ವಿದ್ಯಾರ್ಥಿಯೇ ಉತ್ತರಿಸಿದ. ನನಗೆ ಸಿಟ್ಟು ನೆತ್ತಿಗೇರಿತು. ಏಕೆಂದರೆ ಡಾಕ್ಟರೇಟ್ ಇರುವುದು ನನಗೆ! ಎನ್ಸ್‌ಕೆಡೆಯಲ್ಲಿ ನಾನು ಯಾವುದರ ಮೇಲೆ ಸಂಶೋಧನೆ ಮಾಡಿದೆ ಎಂದು ದಯವಿಟ್ಟು ಕೇಳಬೇಡಿ. ಸರಿ, ಹೇಳಿಬಿಡುತ್ತೇನೆ. ಯಂತ್ರಗಳಿಗೆ ಹಾಕುವ ಎಣ್ಣೆಯ ಮೇಲೆ!

ವಾರಿಜಾ ಅಡುಗೆಮನೆಯಿಂದ ಬಿಸಿನೀರು ತಂದು ಲಾಕಿನ ಮೇಲೆ ಹೊಯ್ದಳು. ಟಕ್! ಬಾಗಿಲು ತೆರೆಯಿತು. ಬಳಗ ಚಪ್ಪಾಳೆ ತಟ್ಟಿತು. ಬಾಳೆಕಾಯಿ ಚಿಪ್ಸ್ ಕರಿದಂಥ ವಾಸನೆ ಎಲ್ಲೆಡೆ ಹರಡಿತು.

"ನಾಳೆ ಮಾರ್ತೇನೆ," ಎಂದೆ. ನಿಜ ಹೇಳಬೇಕೆಂದರೆ, ಅಳು ಬಂದಿತ್ತು.

"ಎಂತಕ್ಕೆ ಮಾರುದು? ಪಾಪ, ಗಾಡಿ ಎಂತ ಮಾಡಿದೆ? ಅದರದ್ದು ಒಂದು ತಪ್ಪಿಲ್ಲ. ಅದು ಇರ್ಲಿ."

ಇಂಥ ಹೆಂಡತಿ ಯಾರಿಗುಂಟು ಎಂದು ನಾನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅವಳು ಕೈ ಚಾಚಿದಳು.

"ಕೀ ಕೊಡಿ."

ಅಂದಿನಿಂದ ಮಸ್ಟಾಂಗ್ ಓಡಿಸುವವಳು ವಾರಿಜಾ. ಬಾಗಿಲಿಗೆ ವಿಲ್ಲೆಮ್‌ನ ಸ್ಪ್ರೇ ಬಿದ್ದಿದೆ. ಅದು ಸದ್ದು ಮಾಡುವುದಿಲ್ಲ. ನಾನೂ ಮಾಡುವುದಿಲ್ಲ. ಮೊನ್ನೆ ಅತ್ತೆ ಮತ್ತೆ ಊರಿಂದ ಬಂದರು. ಬಳಗದ ಊಟಕ್ಕೆ ಹೊರಟಾಗ ಮುಂದಿನ ಸೀಟಿನಲ್ಲಿ ಅತ್ತೆ ಕೂತರು. ಹಿಂದಿನ ಸೀಟಿನಲ್ಲಿ ಪಾಯಸದ ಪಾತ್ರೆ ಕೂತಿತು.

ನಾನು ಬಸ್ಸಿನಲ್ಲಿ ಹೋದೆ.