ದೋಣಿ ಗಾಡಿಯ ಬೇರಿಂಗು, ಅಜ್ಜಿಯ ಅಂಗೈ

ಹೆದ್ದಾರಿ ಪಕ್ಕ ಗ್ಯಾರೇಜ್ ಇಟ್ಟುಕೊಂಡವನ ಕಿವಿಗೆ ರಜಾ ಅನ್ನೋದೇ ಇಲ್ಲ. ಐಮಂಗಲದಲ್ಲಿ ಇಪ್ಪತ್ತೆರಡು ವರ್ಷದಿಂದ ಟ್ರೈಲರ್ ಗಾಲಿ ಬಿಚ್ಚಿ, ಬೇರಿಂಗ್ ನೋಡಿ, ಗ್ರೀಸ್ ತುಂಬಿ ಕಳಿಸೋದು ನನ್ನ ಕೆಲಸ. ಊಟಕ್ಕೆ ಕೂತಾಗ ರಸ್ತೆಯಲ್ಲಿ ಯಾವುದೋ ಗಾಲಿ ಗರಗರ ಅಂದರೆ ತುತ್ತು ಕೈಯಲ್ಲೇ ನಿಂತುಬಿಡುತ್ತೆ. ಅದು ನೀವು ಮಾಡಿದ ಗಾಡಿ ಅಲ್ಲ, ಸುಮ್ಮನೆ ಉಣ್ಣಿ ಅಂತಾಳೆ ಹೆಂಡತಿ. ಅಲ್ಲ ಅಂತ ಅವಳಿಗೆ ಹೆಂಗೆ ಗೊತ್ತು? ಈ ಚಡಪಡಿಕೆ ಇರೋವರೆಗೂ ನನ್ನ ಸುತ್ತ ಇಂಥವು ನಡೀತಾನೇ ಇರುತ್ತವೆ.

೧. ಬಸ್ಸಿನ ಗಾಲಿಗೆ ನಮಸ್ಕಾರ

ಕೆಲಸ ಕಲಿಸಿದ ಮೇಸ್ತ್ರಿ ನನಗೊಂದು ಪರೀಕ್ಷೆ ಹೇಳಿಕೊಟ್ಟಿದ್ದರು. ಗಾಡಿ ಸ್ವಲ್ಪ ದೂರ ಓಡಿದ ಮೇಲೆ ನಿಲ್ಲಿಸಬೇಕು. ಗಾಲಿಯ ನಡುವಿನ ಹಬ್ ಮೇಲೆ ಅಂಗೈ ಇಟ್ಟು 'ಓಂ ನಮಃ ಶಿವಾಯ' ಅಂತ ಐದು ಸಲ ಹೇಳಬೇಕು. ಅಷ್ಟು ಹೊತ್ತು ಕೈ ತಾಳಿದರೆ ಬೇರಿಂಗ್ ಸರಿಯಿದೆ. ನಡುವೆಯೇ ಕೈ ಕಿತ್ತುಕೊಂಡರೆ ಒಳಗೆ ಬಿಗಿ ಜಾಸ್ತಿಯಾಗಿ ಸುಡುತ್ತಿದೆ ಅಂತ ಲೆಕ್ಕ.

ಒಂದು ಸಲ ಗೃಹಪ್ರವೇಶಕ್ಕೆ ಅಂತ ಹೆಂಡತಿ ಜೊತೆ ಹೊಸದುರ್ಗದ ಬಸ್ಸಲ್ಲಿ ಹೊರಟಿದ್ದೆ. ದಾರಿಯುದ್ದಕ್ಕೂ ಹಿಂದಿನ ಗಾಲಿಯಲ್ಲಿ ಏನೋ ಸದ್ದು. ಟೀಗೆ ನಿಂತ ಕೂಡಲೇ ಇಳಿದೆ. ಹಬ್ ಮೇಲೆ ಕೈಯಿಟ್ಟೆ, ಕಣ್ಣು ಮುಚ್ಚಿದೆ, ಮಂತ್ರ ಶುರು ಮಾಡಿದೆ. ಕಣ್ಣು ಬಿಟ್ಟರೆ ಪಕ್ಕದಲ್ಲಿ ಒಬ್ಬ ಹೆಂಗಸು ಗಾಲಿ ಮುಟ್ಟಿ ಕಣ್ಣಿಗೊತ್ತಿಕೊಳ್ತಾ ಇದ್ದರು. ಅವರ ಹಿಂದೆ ಇನ್ನಿಬ್ಬರು. ನೋಡನೋಡುತ್ತಾ ಸಾಲಾಯಿತು, ಯಾರೋ ಕುಂಕುಮವನ್ನೂ ಹಚ್ಚಿದರು. ಡ್ರೈವರು ಟೀ ಲೋಟ ಹಿಡಿದು ಬಂದವರು ಏನು ಎತ್ತ ಅಂತ ಒಂದು ಮಾತು ಕೇಳಲಿಲ್ಲ, ಚಪ್ಪಲಿ ಬಿಟ್ಟು ಕೈ ಮುಗಿದರು.

ಕಿಟಕಿ ಪಕ್ಕ ಕೂತಿದ್ದ ನನ್ನ ಹೆಂಡತಿ ಸೆರಗು ಮುಖಕ್ಕೆ ಎಳೆದುಕೊಂಡವಳು ಹೊಸದುರ್ಗದವರೆಗೂ ತೆಗೆಯಲಿಲ್ಲ. ಇಳಿದ ಮೇಲೆ ಹೇಳಿದ್ದು ಒಂದೇ ಮಾತು: "ಮುಂದಿನ ಸಲ ನಡ್ಕಂಡು ಹೋಗಾಣ."

೨. ಗಾಲಿಯೊಳಗೆ ಸೇವಂತಿಗೆ

ಮೊನ್ನೆ ಯಲ್ಲದಕೆರೆ ಕಡೆಯ ಒಬ್ಬ ಒಂದು ಹಳೇ ದೋಣಿಯನ್ನ ಟ್ರೈಲರ್ ಮೇಲೆ ಇಟ್ಟು ಬಾಡಿಗೆ ಟ್ರ್ಯಾಕ್ಟರಿಗೆ ಕಟ್ಟಿಸಿಕೊಂಡು ಬಂದ. ಮನೆಯ ಕುರಿಯನ್ನೆಲ್ಲ ಮಾರಿ ದೋಣಿ, ಅದರ ಟ್ರೈಲರ್ ಎರಡನ್ನೂ ಕರಾವಳಿಯಿಂದ ತಂದಿದ್ದನಂತೆ. ಮಾರಿಕಣಿವೆ ಡ್ಯಾಮಿನ ಹಿನ್ನೀರಲ್ಲಿ ಜನರನ್ನ ಸುತ್ತಾಡಿಸೋದು ಅವನ ಆಸೆ. ಜೊತೆಗೆ ಅವರವ್ವ. ಕುರಿ ಹೋದ ದಿನದಿಂದ ಆ ಅಜ್ಜಿ ಮಗನ ಜೊತೆ ಮಾತು ಬಿಟ್ಟಿತ್ತು. ಮೂರು ತಿಂಗಳಾಗಿತ್ತು. ಮಗ ಪಕ್ಕದಲ್ಲೇ ನಿಂತಿದ್ದರೂ ಅಜ್ಜಿ ನನಗೆ ಹೇಳೋದು: "ಅವನಿಗೆ ಹೇಳು, ಟೋಪಿ ಹಾಕ್ಕಳ್ಳಿ, ಬಿಸಿಲೈತೆ."

ಅವನು ನನ್ನ ಕಿವಿ ಹತ್ರ ಬಂದು, "ಅಣ್ಣಾ, ದೋಣಿ ಒಂದು ಸಲ ನೀರಿಗಿಳಿದ್ರೆ ಅವ್ವ ಮಾತಾಡ್ತಾಳೆ. ಗಾಡಿ ದಾರಿಯಾಗೆ ಕೆಟ್ಟರೆ ಈ ಜನ್ಮದಾಗೆ ಮಾತಾಡಲ್ಲ" ಅಂದ. ಅವನ ಕಣ್ಣು ತುಂಬಿತ್ತು.

ಜಾಕ್ ಕೊಟ್ಟು ಗಾಲಿ ಎತ್ತಿ ಹಬ್ ಬಿಚ್ಚಿದೆ. ಗ್ರೀಸು ನೀರು ಕುಡಿದು ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು, ಅದರೊಳಗೆ ಸೇವಂತಿಗೆ ಎಸಳು. ಗಾಡಿ ಮನೆಗೆ ಬಂದ ದಿನ ಪೂಜೆ ಮಾಡಿ ಹಬ್ಬಿಗೆ ಹಾರ ಸುತ್ತಿದ್ದರಂತೆ. ಹಾರದ ದಾರ ಒಳಗೆ ಸುತ್ತಿಕೊಂಡು, ನೀರು ತಡೆಯೋ ರಬ್ಬರ್ ಸೀಲನ್ನ ಹರಿದುಹಾಕಿತ್ತು. ದೋಣಿಗೆ ಕಟ್ಟೋದು ಬಿಟ್ಟು ಗಾಲಿಗ್ಯಾಕೆ ಹಾರ ಕಟ್ಟಿದಿರಿ ಅಜ್ಜಿ ಅಂತ ಕೇಳಿದೆ.

"ದೋಣಿ ಸುಮ್ನೆ ಕುಂತು ಬಂತು. ನಡದಿದ್ದು ಗಾಲಿ ಅಲ್ಲೇನಪ್ಪ?" ಅಂತು ಅಜ್ಜಿ. ನಾನು ಎಸಳು ಹೆಕ್ಕಿ ತೆಗೆದು ಗ್ರೀಸ್ ಒರೆಸಿದೆ.

೩. ಬಿಗಿಯ ಜಗಳ

ಎರಡೂ ಗಾಲಿಗೆ ಹೊಸ ಬೇರಿಂಗ್, ಹೊಸ ಸೀಲ್ ಹಾಕಿದೆ. ಗಾಲಿ ತಿರುಗಿಸುತ್ತಾ ನಟ್ ಬಿಗಿ ಮಾಡಬೇಕು, ಆಮೇಲೆ ಒಂಚೂರು ಹಿಂದಕ್ಕೆ ಬಿಡಬೇಕು. ಗಾಲಿ ಸಲೀಸಾಗಿ ತಿರುಗಬೇಕು, ಹಿಡಿದು ಅಲ್ಲಾಡಿಸಿದರೆ ಕೂದಲೆಳೆಯಷ್ಟು ಆಡಬೇಕು. ಆಮೇಲೆ ನಟ್ಟು ಕದಲದ ಹಾಗೆ ಪಿನ್ನು. ಇದನ್ನೆಲ್ಲ ಅವನಿಗೆ ತಿಳಿಸಿ ಹೇಳಿ ಟೀ ಕುಡಿಯೋಕೆ ಹೋದೆ. ಬಂದು ಕೈಯಿಟ್ಟರೆ ಗಾಲಿ ಕದಲುತ್ತಿಲ್ಲ. ಗಾಲಿ ಅಲ್ಲಾಡ್ತಿತ್ತು ಅಣ್ಣಾ, ನಾನೇ ಬಿಗಿ ಮಾಡಿದೆ ಅಂದ. ಬೈದು ಸಡಿಲ ಮಾಡಿದೆ. ಫೋನ್ ಬಂತು ಅಂತ ಆ ಕಡೆ ತಿರುಗಿದೆ, ಮತ್ತೆ ಬಿಗಿ! ಮೂರನೇ ಸಲಕ್ಕೆ ಪಾನಾ ತಗೊಂಡು ಜೇಬಿಗೇ ಹಾಕ್ಕೊಂಡೆ. ಅಜ್ಜಿ ನನ್ನ ಕಡೆ ನೋಡಿ ಹೇಳಿತು: "ಅವನಿಗೆ ಹೇಳು, ಹಿಂಗೇ ಬಿಗಿ ಮಾಡಿ ಮಾಡಿ ಎರಡು ಕುರಿಮರಿಗೆ ಕೊಳ್ಳಾಗಿನ ಹಗ್ಗ ಉರುಳಾಗಿತ್ತು ಅಂತ."

೪. ಹಿನ್ನೀರಲ್ಲಿ

ಮಾರನೇ ದಿನ ಬೆಳಿಗ್ಗೆ ನನ್ನ ಪಿಕಪ್ಪಿಗೇ ಟ್ರೈಲರ್ ಸಿಕ್ಕಿಸಿಕೊಂಡು ಮೂವರೂ ಹೊರಟೆವು. ನನಗೋ ಜೀವದಲ್ಲಿ ಜೀವವಿಲ್ಲ. ಅರ್ಧ ದಾರಿಗೆ ಐದು ಸಲ ನಿಲ್ಲಿಸಿದೆ, ಐದು ಸಲವೂ ಅಂಗೈ ಇಟ್ಟು ಮಂತ್ರ ಮುಗಿಸಿದೆ. ಕೈ ಆರಾಮಾಗಿ ತಾಳಿತು. ಆರನೇ ಸಲ ಅಜ್ಜಿಯೂ ಇಳಿದು, ನನ್ನ ನೋಡಿ ತಾನೂ ಎಡಗಡೆ ಹಬ್ ಮೇಲೆ ಕೈಯಿಟ್ಟಿತು. 'ಓಂ' ಅನ್ನೋವಷ್ಟರಲ್ಲೇ ಹಾ ಅಂತ ಕೈ ಕಿತ್ತುಕೊಂಡಿತು.

ನಾನು ಮತ್ತೆ ಇಟ್ಟೆ. ಐದು ಸಲ ಹೇಳಿದರೂ ನನಗೇನೂ ಆಗಲಿಲ್ಲ. ಅಜ್ಜಿ ನನ್ನ ಅಂಗೈ ಹಿಡಿದು ತಿರುಗಿಸಿ, ಉಗುರಿಂದ ಕೆರೆದು ನೋಡಿತು.

"ಏನಪ್ಪ, ಇದು ಅಂಗೈ ಅಲ್ಲ, ಎಕ್ಕಡದ ಅಟ್ಟೆ."

ಇಪ್ಪತ್ತೆರಡು ವರ್ಷ ಕಬ್ಬಿಣ ಹಿಡಿದು ಹಿಡಿದು ಕೈ ಜಡ್ಡುಗಟ್ಟಿ ಹೋಗಿದೆ. ಈ ಕೈಯಲ್ಲಿ ಪಾಸು ಮಾಡಿ ಕಳಿಸಿದ ಗಾಡಿಗಳೆಲ್ಲ ಎಲ್ಲೆಲ್ಲಿ ಸುಡುತ್ತಾ ಓಡಾಡುತ್ತಿವೆಯೋ ಶಿವನೇ ಬಲ್ಲ! ಗಾಲಿ ಎತ್ತಿ ನೋಡಿದರೆ ಎಡಗಡೆ ನಟ್ಟು ಬಿಗಿಯಾಗೇ ಉಳಿದಿತ್ತು, ನಿನ್ನೆ ನನ್ನ ಕಣ್ಣು ತಪ್ಪಿಸಿ ಮಗ ಬಿಗಿದಿದ್ದು. ಬೇರಿಂಗ್ ಪುಣ್ಯಕ್ಕೆ ಚೆನ್ನಾಗಿತ್ತು. ಸಡಿಲ ಮಾಡಿ ಪಿನ್ ಹಾಕಿದೆ.

ಹಿನ್ನೀರಿನ ದಡದಲ್ಲಿ ಹಬ್ ಪೂರ್ತಿ ಆರೋವರೆಗೆ ಕಾದೆವು. ಬಿಸಿ ಹಬ್ ನೀರಿಗಿಳಿಸಿದರೆ ಒಳಗೆ ನೀರು ಹೀರಿಕೊಂಡು ಗ್ರೀಸು ಮತ್ತೆ ಮಜ್ಜಿಗೆಯೇ. ಅಜ್ಜಿ ಎರಡೂ ಹಬ್ ಮೇಲೆ ಅಂಗೈಯಿಟ್ಟು ಐದೈದು ಸಲ ಮಂತ್ರ ಹೇಳಿ ಒಪ್ಪಿಗೆ ಕೊಟ್ಟಿತು. ಆಮೇಲೆ ಈ ಸಲ ಹಾರ ದೋಣಿಗೇ ಕಟ್ತೀನಿ ಅಂತ ದೋಣಿ ಹತ್ತಿ ಕೂತಿತು. ಮಗ ದೋಣಿಯ ಉದ್ದನೆ ಹಗ್ಗದ ತುದಿ ಹಿಡಿದು ನಿಂತಿದ್ದ. ಕೈಯಲ್ಲೇ ಮೆಲ್ಲಗೆ ತಳ್ಳೋಣ ಅಂತ ನಾನು ಟ್ರೈಲರನ್ನ ಪಿಕಪ್ಪಿಂದ ಬಿಡಿಸಿದೆ. ಗಾಲಿಗೆ ಕಲ್ಲು ಕೊಡೋದು ಮರೆತಿದ್ದೆ.

ಅಂಥ ಸಲೀಸಾದ ಬೇರಿಂಗ್ ನಾನು ಜನ್ಮದಲ್ಲಿ ಕೂರಿಸಿರಲಿಲ್ಲ. ಒಂದು ಕಿರ್ ಇಲ್ಲ, ಗರ್ ಇಲ್ಲ. ಟ್ರೈಲರ್ ತಾನಾಗೇ ಇಳಿಜಾರಿನಲ್ಲಿ ಇಳಿದು ನೀರು ಹೊಕ್ಕಿತು. ದೋಣಿ ತೇಲಿ, ಹಾರ ಹಿಡಿದ ಅಜ್ಜಿಯನ್ನ ಕೂರಿಸಿಕೊಂಡು ಹೊರಟೇಬಿಟ್ಟಿತು.

"ಲೇ ಮಗನೇ, ಇದನ್ನ ನಿಲ್ಸದು ಹೆಂಗಲೇ? ನಿನಗೇ ಕೇಳ್ತಿರೋದು! ಕುರಿ ಮಾರಿ ಇದನ್ನ ತಂದ್ಯಲ್ಲ, ನಿನ್ನ ಬಾಯಿಗೆ ಮಣ್ಣು ಹಾಕ!"

ನಾನು ಓಡಿಬಂದು ಹಗ್ಗ ಹಿಡಿದೆ. ಅವನು ಗಳಗಳ ಅಳುತ್ತಾ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡ.

"ಅಣ್ಣಾ, ಎಳೀಬ್ಯಾಡ ತಡಿ. ಮೂರು ತಿಂಗಳಾಗಿತ್ತು, ಇನ್ನೊಂಚೂರು ಬೈಲಿ."