ಅತ್ತಿಗೆಯ ಸೈಕಲ್ ಪರೀಕ್ಷೆ

ನಮ್ಮ ಅತ್ತಿಗೆಯ ಜೊತೆ ಅಂಗಡಿಗೆ ಹೋಗುವವರು ಬುತ್ತಿ ಕಟ್ಟಿಕೊಂಡು ಹೋಗುವುದು ಒಳ್ಳೆಯದು. ಯಾವ ವಸ್ತುವನ್ನೂ ಅವರು ಪರೀಕ್ಷಿಸದೆ ಕೊಂಡದ್ದಿಲ್ಲ. ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವವರ ಮನೆಯಲ್ಲಿ ಹುಟ್ಟಿದವರು. ಸೀರೆ ಮಗುಚಿ ಹಿಂಬದಿ ನೋಡುವ ಅಭ್ಯಾಸ ಮುಂದೆ ಲೋಕದ ಸಕಲ ವಸ್ತುಗಳಿಗೂ ಹಬ್ಬಿತು. ಕುಕ್ಕರ್ ಕೊಳ್ಳಲು ಹೋದಾಗ ಚೀಲದಲ್ಲಿ ತೊಗರಿಬೇಳೆ ಒಯ್ದು, ಅಂಗಡಿಯವನಿಂದಲೇ ಒಲೆ ತರಿಸಿ ಬೇಯಿಸಿ ನೋಡಿದರು. ಫ್ಯಾನಿನ ಅಂಗಡಿಯಲ್ಲಿ ಈರುಳ್ಳಿ ಸಿಪ್ಪೆ ಹರಡಿ, ಅದು ಯಾವ ಮೂಲೆಯವರೆಗೆ ಹಾರುತ್ತದೆ ಎಂದು ನೋಡಿದರು. ಗುಡಿಸಿದ್ದು ಅಂಗಡಿಯವನು! ಮದುವೆಗೆ ಮುಂಚೆ ನಮ್ಮಣ್ಣನನ್ನೂ ಎರಡು ಸಲ ಕರೆಸಿ ನೋಡಿದ್ದರಂತೆ. ಪಾಸಾದದ್ದು ಹೇಗೆಂದು ಅಣ್ಣ ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಇಂಥವರಿಗೆ ಡಾಕ್ಟರು, ಮಂಡಿನೋವಿಗೆ ಸೈಕಲ್ ತುಳಿಯಿರಿ ಎಂದು ಹೇಳಬಹುದೇ? ಮಗಳ ಹಳೆಯ ಸೈಕಲ್ಲಿನಲ್ಲಿ ಚಳ್ಳಕೆರೆಯ ಬೀದಿಗಳೆಲ್ಲ ಮುಗಿದವು. ಆಮೇಲೆ ಹೊಸದು ಬೇಕೆನಿಸಿತು. ಸೈಕಲ್ ಅಂಗಡಿಯ ಭಾಯ್ ಎರಡು ತೋರಿಸಿದ. ಒಂದು ಸಾದಾ ಗೇರ್ ಸೈಕಲ್. ಇನ್ನೊಂದು ಟಗರಿನ ಕೊಂಬಿನಂಥ ಹ್ಯಾಂಡಲಿನ, ಒಂದೇ ಕೈಯಲ್ಲಿ ಎತ್ತಬಹುದಾದ, ರೋಡ್ ಬೈಕ್ ಎಂಬ ವೇಗದ ಸೈಕಲ್. ಬೆಲೆ ಮಾತ್ರ ಸಾದಾ ಸೈಕಲ್ಲಿನ ಎರಡರಷ್ಟು. ಆ ಹೆಚ್ಚಿನ ದುಡ್ಡಿಗೆ ಹೆಚ್ಚಿಗೆ ಏನು ಸಿಗುತ್ತದೆ? ಅತ್ತಿಗೆಗೆ ಅದು ತಿಳಿಯಲೇಬೇಕಿತ್ತು. ಒಂದು ಭಾನುವಾರ ಸಾದಾ ಸೈಕಲ್ಲಿನಲ್ಲಿ, ಮರು ಭಾನುವಾರ ದುಬಾರಿಯದರಲ್ಲಿ ಮೊಳಕಾಲ್ಮೂರಿನ ತವರಿಗೆ ಹೋಗಿ ನೋಡುವುದೆಂದು ತೀರ್ಮಾನವಾಯಿತು. ಇವರ ಹಳೆಯ ಪರೀಕ್ಷೆಗಳನ್ನು ಕಂಡಿದ್ದ ಭಾಯ್ ಎದುರು ಮಾತಾಡದೆ ಒಪ್ಪಿಕೊಂಡ. ಅಣ್ಣ ಮಾತ್ರ, ದುಡ್ಡಿನ ಚಿಂತೆಯಲ್ಲ, ಆ ದಾರಿಯಲ್ಲಿ ಲಾರಿಗಳ ಕಾಟ ಹೆಚ್ಚು ಎಂದು ಮೆಲ್ಲಗೆ ಹೇಳಿದ.

ಮೊದಲ ಭಾನುವಾರ ಎಲ್ಲ ಸುಸೂತ್ರ. ತಿಂಡಿ ಹೊತ್ತಿಗೆ ತವರು ಸೇರಿ ಫೋನ್ ಮಾಡಿದರು.

ಎರಡನೆಯ ಭಾನುವಾರ ತಿಂಡಿ ಹೊತ್ತು ಕಳೆಯಿತು. ಫೋನಿಲ್ಲ. ನಾವು ಮಾಡಿದರೆ ರಿಂಗಾಗುತ್ತಿದೆ, ಎತ್ತುವವರಿಲ್ಲ. ಮೊಳಕಾಲ್ಮೂರಿಗೆ ಮಾಡಿದರೆ ಅವರ ತಮ್ಮ ಗಾಬರಿಯಲ್ಲಿ ಕನ್ನಡವನ್ನೇ ಮರೆತು, ತೆಲುಗಿನಲ್ಲಿ "ಇಂಕಾ ರಾಲೇದು ಬಾವಾ" ಎಂದ. ಇನ್ನೂ ಬಂದಿಲ್ಲವಂತೆ. ಬೇಗ ಹೋಗುವ ಸೈಕಲ್ ಏರಿ ಹೊರಟವರು ಇನ್ನೂ ಮುಟ್ಟಿಲ್ಲವೆಂದರೆ ಏನರ್ಥ?

"ಲೇ, ಗಾಡಿ ತೆಗಿ" ಎಂದ ಅಣ್ಣ. ನನ್ನ ಸ್ಕೂಟರಿನ ಹಿಂದೆ ಹತ್ತಿ ಕೂತ. ನನ್ನ ಹೆಗಲು ಹಿಡಿದ ಅವನ ಕೈ ದಾರಿಯುದ್ದಕ್ಕೂ ಬಿಗಿಯಾಗುತ್ತಲೇ ಇತ್ತು. ದಾರಿಯ ತಳಕು ಊರಿಗೆ ಮುಂಚೆ ಒಂದು ಲಾರಿ ಅಡ್ಡ ನಿಂತಿತ್ತು, ಸುತ್ತ ಜನ. ನಾನು ಬ್ರೇಕ್ ಹಾಕುವ ಮೊದಲೇ ಅಣ್ಣ ಇಳಿದು ಓಡಿದ. ನೋಡಿದರೆ ಲಾರಿಯ ಟೈರು ಸಿಡಿದಿತ್ತು, ಅಷ್ಟೆ. ಅವನು ವಾಪಸ್ ಬಂದು ಕೂತಾಗ ಅಂಗಿ ಬೆವರಿಗೆ ಒದ್ದೆಯಾಗಿತ್ತು.

ತಳಕು ದಾಟಿದ ಮೇಲೆ ಒಂದು ಹುಣಸೆಮರಕ್ಕೆ ಒರಗಿ ನಿಂತಿತ್ತು ಆ ಸೈಕಲ್. ಹೆಲ್ಮೆಟ್ಟು ಹ್ಯಾಂಡಲಿನಲ್ಲಿ ನೇತಾಡುತ್ತಿತ್ತು. ಮತ್ತೆ ಫೋನ್ ಮಾಡಿದೆ. ಸೈಕಲ್ಲಿನ ಪುಟ್ಟ ಚೀಲದೊಳಗಿಂದಲೇ ಅದು ಬಡಿದುಕೊಂಡಿತು. ಅತ್ತಿಗೆ ಎಲ್ಲೂ ಇಲ್ಲ.

ಹೆಂಡತಿಯನ್ನು ಈವರೆಗೆ ನಾಲ್ಕು ಜನರ ಎದುರು ಹೆಸರೆತ್ತಿ ಕರೆಯದ ನಮ್ಮಣ್ಣ ಆ ಬಯಲಿನಲ್ಲಿ ಹೆಸರು ಹಿಡಿದು ಕೂಗಿದ. ಒಂದು ಸಲ, ಇನ್ನೊಂದು ಸಲ.

ಹೊಲದ ಬದುವಿನ ಆಚೆಯಿಂದ ಒಂದು ತಲೆ ಎದ್ದಿತು. ಕೂದಲಲ್ಲಿ ಹುಲ್ಲು.

"ಯಾಕ್ರೀ ಬಂದ್ರಿ?" ಎಂದರು ಅತ್ತಿಗೆ, ಕಣ್ಣುಜ್ಜುತ್ತ. "ಬಲೇ ಬೇಗ ಬಂದ್ಬಿಡ್ತು ಇದು. ಇಷ್ಟು ಬೇಗ ಹೋಗಿ ಮಲಗಿದ್ದೋರ್ನ ಎಬ್ಬಿಸೋದ್ಯಾಕೆ ಅಂತ ಇಲ್ಲಿ ಕೂತೆ. ನಿದ್ದೆ ಬಂತು ನೋಡ್ರಿ."

ಅಣ್ಣ ಬೈಯಲಿಲ್ಲ. ಪಕ್ಕದಲ್ಲಿ ಕುಸಿದು ಕೂತ. ತಂದಿದ್ದ ನೀರಿನ ಬಾಟಲಿಯ ಮುಚ್ಚಳ ತೆಗೆಯಲು ಹೋದ. ತಪ್ಪು ದಿಕ್ಕಿಗೆ ತಿರುಗಿಸಿ ಇನ್ನೂ ಬಿಗಿಮಾಡಿದ. ಅತ್ತಿಗೆ ಅದನ್ನೇ ನೋಡುತ್ತಿದ್ದರು. ಬಾಟಲಿ ತೆಗೆದುಕೊಂಡು ಮುಚ್ಚಳ ತಿರುಗಿಸಿ, ಮೊದಲು ಅವನಿಗೇ ಕುಡಿಸಿದರು. ತಮ್ಮನಿಗೆ ಫೋನ್ ಮಾಡಿ, ಇವತ್ತು ಬರುವುದಿಲ್ಲ ಎಂದರು.

ಮರುದಿನ ದುಬಾರಿ ಸೈಕಲ್ ಅಂಗಡಿಗೆ ವಾಪಸ್ ಹೋಯಿತು. ಜೊತೆಗೆ ನಾನೂ ಹೋಗಿದ್ದೆ. ಅದರಲ್ಲೇನಾದರೂ ಖರಾಬಿ ಇದೆಯೇ ಎಂದು ಭಾಯ್ ಕಳವಳದಿಂದ ಕೇಳಿದ.

"ಏನೂ ಇಲ್ಲ ಭಾಯ್, ಗಾಳಿ ಹೋದಂಗೆ ಹೋಗ್ತೈತೆ. ಆದ್ರೆ ಅಷ್ಟು ಬೇಗ ಹೋಗಿ ನಾನೊಬ್ಳೇ ಕೂತು ಏನ್ ಮಾಡ್ಲಿ? ಅದೇ ದುಡ್ಡಿಗೆ ಸಾದಾವು ಎರಡು ಕೊಡು."

ಎರಡನೆಯದು ಯಾರಿಗೆಂದು ನಾನು ಕೇಳಿದೆ.

"ನಿಮ್ಮಣ್ಣನಿಗೆ. ಅವ್ರಿಗೆ ಸೈಕಲ್ ಬರಲ್ಲ."

ನನ್ನ ಅಣ್ಣ! ಒಂದೇ ಮನೆಯಲ್ಲಿ ಬೆಳೆದ ನನಗೆ ಗೊತ್ತಿಲ್ಲದ್ದು ಈಕೆಗೆ ಗೊತ್ತಿತ್ತು. ಅವನು ಎಲ್ಲಿಗೂ ನಡೆದೇ ಹೋಗುತ್ತಿದ್ದುದನ್ನು ನಾವೆಲ್ಲ ಗಾಂಭೀರ್ಯ ಎಂದುಕೊಂಡಿದ್ದೆವು.

ಈಗ ಭಾನುವಾರ ಬೆಳಿಗ್ಗೆ ಮಾರುಕಟ್ಟೆಯ ಅಂಗಳ ಖಾಲಿ ಇರುವಾಗ ಕಲಿಕೆ ನಡೆಯುತ್ತದೆ. ಅರೆನೆರೆತ ತಲೆಯ ನಮ್ಮಣ್ಣ ಹ್ಯಾಂಡಲ್ ಬಿಗಿಹಿಡಿದು ಓಲಾಡುತ್ತ ಹೋಗುತ್ತಾನೆ. ನೋಯುವ ಮಂಡಿಯ ಅತ್ತಿಗೆ ಸೀಟು ಹಿಡಿದು ಹಿಂದೆ ಓಡುತ್ತಾರೆ. ಮೊನ್ನೆ ಅವನಿಗೇ ಧೈರ್ಯ ಬಂದು, "ಇನ್ ಬಿಡು, ಬರ್ತೈತೆ ನಂಗೆ" ಎಂದ.

"ಬರ್ಲಿ ಬಿಡ್ರಿ" ಎಂದರು ಅತ್ತಿಗೆ ಏದುಸಿರು ಬಿಡುತ್ತ. ಕೈ ಬಿಡಲಿಲ್ಲ.