ಭಾವನ ಗೋಡೆಯ ಮೇಲಿನ ವಿಜ್ಞಾನಿಗಳು

ನಮ್ಮ ಭಾವನಿಗೆ ವಿಜ್ಞಾನ ಅಷ್ಟಕ್ಕಷ್ಟೇ. ಆದರೆ ದೆಹಲಿಯ ಯಾವ ವಿಜ್ಞಾನಿ ಯಾರ ಜೊತೆ ಮಾತು ಬಿಟ್ಟಿದ್ದಾನೆ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು!

ಇದು ಚಾಡಿಯಲ್ಲ, ಸಂಶೋಧನೆ ಎಂದು ಅವರ ವಾದ. ಕಚೇರಿಯಲ್ಲಿ ಅವರ ಕೆಲಸವೇ ಅದು: ಹೊಸ ವಿಚಾರವೊಂದು ಒಬ್ಬ ವಿಜ್ಞಾನಿಯಿಂದ ಇನ್ನೊಬ್ಬನಿಗೆ ಯಾವ ದಾರಿಯಲ್ಲಿ ತಲುಪುತ್ತದೆ ಎಂದು ಅಳೆಯುವುದು. ಕಂಡವರನ್ನೆಲ್ಲ ಹಿಡಿದು "ಈ ವಾರ ಯಾರ ಜೊತೆ ಮಾತಾಡಿದಿರಿ?" ಎಂದು ಕೇಳಿ, ಒಬ್ಬೊಬ್ಬರಿಗೂ ಒಂದು ಕಾರ್ಡು ಬರೆದು, ಹೌಜ್ ಖಾಸ್‌ನ ಬಾಡಿಗೆ ಮನೆಯ ಗೋಡೆಗೆ ಅಂಟಿಸಿ, ಕಾರ್ಡಿನಿಂದ ಕಾರ್ಡಿಗೆ ದಾರ ಕಟ್ಟುತ್ತಿದ್ದರು. ಓದಲೆಂದು ಬಂದು ಅಲ್ಲೇ ಉಳಿದಿದ್ದ ನನ್ನ ಹಾಸಿಗೆಯ ಮೇಲೇ ಆ ಬಲೆ! ರವಿಕೆ ಹೊಲಿಯಲು ಅಕ್ಕ ದಾರ ಹುಡುಕಿದರೆ ಅದು ರಸಾಯನಶಾಸ್ತ್ರದಲ್ಲಿ ಸಿಗುತ್ತಿತ್ತು.

ಒಂದು ಮದುವೆಯಲ್ಲಂತೂ ಹಸೆಯ ಮೇಲೆ ಕೂತಿದ್ದ ವಿಜ್ಞಾನಿ ವರನನ್ನೇ ಕೇಳಿದರು, "ನಿಮ್ಮ ಹೊಸ ಪ್ರಯೋಗದ ವಿಷಯ ಮೊದಲು ಯಾರಿಗೆ ಹೇಳಿದಿರಿ?" ಅವನು ಪಕ್ಕದ ವಧುವನ್ನೂ ಮರೆತು ಇನ್ನೊಬ್ಬಳ ಹೆಸರು ಹೇಳಿಬಿಟ್ಟ!

ನಾಲ್ಕು ವರ್ಷದ ಮೇಲೆ ತಿಳಿದದ್ದೇನು? ಅತಿ ಹೆಚ್ಚು ದಾರ ಸೇರುವುದು ನಿರ್ದೇಶಕರ ಕಾರ್ಡಿಗಲ್ಲ, ಪ್ರಯೋಗಾಲಯಗಳಿಗೆ ಗಾಜಿನ ನಳಿಕೆ ಊದಿಕೊಡುವ ಮುದುಕನ ಕಾರ್ಡಿಗೆ. ಎಲ್ಲರೂ ಅವನ ಬಳಿ ಕೂತು ಹರಟುತ್ತಿದ್ದರು.

ಆಮೇಲೆ ತುರ್ತು ಪರಿಸ್ಥಿತಿ ಬಂತು. ಪರಿಚಯದವರಲ್ಲಿ ಇಬ್ಬರನ್ನು ಪೊಲೀಸರು ಹಿಡಿದೊಯ್ದರು. ಒಂದು ಸಂಜೆ ಸಫಾರಿ ಸೂಟಿನ ಇಬ್ಬರು ಮನೆಗೆ ಬಂದು ಗೋಡೆಯ ಮುಂದೆ ನಿಂತರು. "ಅಚ್ಛಾ! ಕೌನ್ ಕಿಸ್‌ಸೆ ಮಿಲ್ತಾ ಹೈ, ಸಬ್ ಹೈ. ಬಹುತ್ ಬಢಿಯಾ!" ಯಾರು ಯಾರನ್ನು ಭೇಟಿಯಾಗುತ್ತಾರೆ ಎಂಬ ಭಾವನ ಲೆಕ್ಕವನ್ನು ಅಷ್ಟು ಮೆಚ್ಚಿದವರು ಜಗತ್ತಿನಲ್ಲಿ ಅವರಿಬ್ಬರೇ! ನಾಳೆ ಜೀಪು ತರುತ್ತೇವೆ, ಎಲ್ಲ ಕಟ್ಟಿಡಿ ಎಂದು ಹೇಳಿ ಹೋದರು.

ಬೆಳಗಾಗುತ್ತಲೇ ಭಾವ ದಾರ ಬಿಚ್ಚತೊಡಗಿದರು. ಅಕ್ಕ ಇದ್ದಲು ಒಲೆ ಹಚ್ಚಿದಳು. ಭಾವ ಒಂದೊಂದೇ ಕಾರ್ಡನ್ನು ಓದಿ ಬೆಂಕಿಗೆ ಹಾಕಿದರು.

"ನಾಲ್ಕು ವರ್ಷದ ಕೆಲಸ, ಭಾವ!" ಎಂದೆ.

"ನನ್ನನ್ನ ನಂಬಿ ಹೇಳಿದಾರೆ ಕಣೋ," ಎಂದರು.

ಜೀಪು ಬಂದಾಗ ಗೋಡೆ ಖಾಲಿ. ಭಾವನನ್ನೇ ಹತ್ತಿಸಿಕೊಂಡು ಹೋದರು. ಹನ್ನೊಂದು ದಿನದ ಮೇಲೆ ಮರಳಿದಾಗ ಅವರ ಎಡಗೈ ಮೇಲೇಳುತ್ತಿರಲಿಲ್ಲ. ಫರೀದಾಬಾದಿನ ಗೋದಾಮಿಗೆ ವರ್ಗವಾಗಿತ್ತು. ಕಾರ್ಡಿನಲ್ಲಿದ್ದ ಯಾರ ಬಾಗಿಲನ್ನೂ ಯಾರೂ ತಟ್ಟಲಿಲ್ಲ.

ಗೋದಾಮಿನ ಕೆಲಸದ ಮೊದಲ ದಿನ ಬಸ್ಸಿನವರೆಗೆ ನಾನೂ ಹೋದೆ. ನಮ್ಮ ಮನೆಯಲ್ಲಿ ಎಷ್ಟೋ ಸಲ ಉಪ್ಪಿಟ್ಟು ತಿಂದಿದ್ದ ವಿಜ್ಞಾನಿಯೊಬ್ಬ ಎದುರಿಗೆ ಬಂದವನು ಭಾವನನ್ನು ಕಂಡದ್ದೇ ಸರಕ್ಕನೆ ರಸ್ತೆ ದಾಟಿದ. ನನಗೆ ಮೈಯೆಲ್ಲ ಉರಿಯಿತು. ಕೂಗಲು ಬಾಯಿ ತೆರೆದೆ. ಭಾವ ನನ್ನ ತೋಳು ಹಿಡಿದರು.

"ಬೇಡ, ಕೂಗಬೇಡ. ಮನೇಲಿ ತಿಂಗಳ ಕೂಸಿದೆ, ಹೆದರಿದಾನೆ ಪಾಪ."

ಆಮೇಲೆ, ಅವನಿಗೆ ಮುಜುಗರವಾಗದಿರಲೆಂದು, ತಾವೇ ಆಚೆ ಮುಖ ಮಾಡಿ ನಿಂತರು.